8–9ನೇ ತರಗತಿಗೆ ಫ್ಲೋರ್‌ಬಾಲ್: 48 ಮಕ್ಕಳು, 16 ಸ್ಟಿಕ್. ಪಾಸ್ ಪುಟಿಯದ ಹಾಗೆ ಕಲಿಸೋದು ಹೇಗೆ?

ಡ್ರಿಲ್_ಪೀರಿಯಡ್:
ಎಲ್ಲರಿಗೂ ನಮಸ್ಕಾರ. ಫ್ಲೋರ್‌ಬಾಲ್ (ಹಗುರ ಪ್ಲಾಸ್ಟಿಕ್ ಚೆಂಡಿನ, ಹಾಕಿಯಂಥ ಆಟ) ಕಲಿಸಬೇಕು. ಪ್ರೌಢಶಾಲೆ, ಒಂದು ಪೀರಿಯಡ್‌ಗೆ 48 ಮಕ್ಕಳು. 40 ನಿಮಿಷದಲ್ಲಿ ಸಾಲು, ಹಾಜರಿ ಕಳೆದರೆ ಕೈಗೆ ಸಿಗೋದು 32. ಇರೋದು 16 ಸ್ಟಿಕ್ (ಬ್ಲೇಡ್, ಅಂದರೆ ಚೆಂಡಿಗೆ ತಾಗುವ ಕೆಳತುದಿಯ ಚಪ್ಪಟೆ ಭಾಗ, ಎಲ್ಲದರಲ್ಲೂ ನೇರ), 20 ಚೆಂಡು, ಹೊರಗಿನ ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಅಂಕಣ. ಸುತ್ತ ಚೆಂಡು ತಡೆಯುವ ಬೋರ್ಡ್ ಇಲ್ಲ, ಗೋಲ್‌ಕೀಪರ್ ಹೆಲ್ಮೆಟ್ಟೂ ಇಲ್ಲ.

ತೊಂದರೆ ಮೂರು. ಪಾಸ್ ಕೊಟ್ಟರೆ ಚೆಂಡು ನೆಲದಲ್ಲಿ ಉರುಳೋದಿಲ್ಲ, ಪುಟಿದು ಮೊಣಕಾಲಿಗೆ ಬರುತ್ತೆ. ತೆಗೆದುಕೊಳ್ಳುವವರ ಬ್ಲೇಡಿಗೆ ಬಡಿದು ಎರಡು ಮೀಟರ್ ಆಚೆ ಹೋಗುತ್ತೆ. ಆಟಕ್ಕೆ ಬಿಟ್ಟ ತಕ್ಷಣ ಎಲ್ಲರೂ ಚೆಂಡಿನ ಸುತ್ತ ಗುಂಪು, ಸ್ಟಿಕ್ ಭುಜದ ಎತ್ತರಕ್ಕೆ. ವಿಚಿತ್ರ ಅಂದರೆ ಹಾಕಿ ಆಡಿ ಬಂದ ಮಕ್ಕಳದ್ದೇ ತಪ್ಪು ಜಾಸ್ತಿ. ಆರು ಪೀರಿಯಡ್ ಇದೆ. ಯಾವ ಕ್ರಮದಲ್ಲಿ ಹೋಗಲಿ?

ಬ್ಲೇಡ್_ಕೆಳಗೆ:
ಮೇಡಂ, ಮೊದಲೆರಡು ತೊಂದರೆಗೆ ಕಾರಣ ಒಂದೇ: ಮಕ್ಕಳು ಚೆಂಡಿಗೆ ಹೊಡೀತಿದ್ದಾರೆ. ಈ ಚೆಂಡಿನ ತೂಕ 23 ಗ್ರಾಂ, ಅಡ್ಡಳತೆ 72 ಮಿ.ಮೀ., ಮೈಯೆಲ್ಲ 26 ತೂತು. ಟೊಳ್ಳು ಪ್ಲಾಸ್ಟಿಕ್ ಆದ್ದರಿಂದ ಪೆಟ್ಟು ಬಿದ್ದರೆ ನೆಗೆಯುತ್ತೆ. ಪಾಸ್ ಅನ್ನೋದು ಪೆಟ್ಟಲ್ಲ, ಕಸ ಗುಡಿಸಿದ ಹಾಗೆ ಎಳೆದು ತಳ್ಳೋದು.

ಹಿಡಿತದಿಂದ ಶುರು ಮಾಡಿ. ಮೇಲಿನ ಕೈ ಸ್ಟಿಕ್ಕಿನ ತುತ್ತ ತುದಿಯಲ್ಲಿ. ಕೆಳಗಿನ ಕೈ ಅದಕ್ಕಿಂತ 25–30 ಸೆಂ.ಮೀ. ಕೆಳಗೆ, ಸಡಿಲವಾಗಿ. ಎರಡೂ ಹೆಬ್ಬೆರಳು ನೆಲದ ಕಡೆಗೆ. ಕಾಲು ಭುಜಕ್ಕಿಂತ ಸ್ವಲ್ಪ ಅಗಲ, ಮೊಣಕಾಲು ಬಾಗಿರಲಿ, ಸೊಂಟ ಅಲ್ಲ. ಸೊಂಟ ಬಾಗಿಸಿದ ಮಗುವಿಗೆ ಚೆಂಡು ಬಿಟ್ಟು ಬೇರೇನೂ ಕಾಣೋದಿಲ್ಲ.

ಪಾಸ್: ಚೆಂಡು ಹಿಂದಿನ ಪಾದದ ನೇರಕ್ಕೆ ಇರಲಿ, ಬ್ಲೇಡಿನ ಬುಡದ ಹತ್ತಿರ. ಬ್ಲೇಡ್ ಮೊದಲು ಚೆಂಡಿಗೆ ತಾಗಿ ನಿಲ್ಲಬೇಕು, ಆಮೇಲೆ ಚಲನೆ. ಸದ್ದು ಬಂದರೆ ಹೊಡೆದಿದ್ದಾರೆ ಅಂತ ಅರ್ಥ, ದೂರದಿಂದಲೇ ಪತ್ತೆಯಾಗುತ್ತೆ. ತೂಕ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಬರುವಾಗ ಚೆಂಡು ಬ್ಲೇಡಿನ ಮೇಲೆ ಬುಡದಿಂದ ತುದಿಯ ಕಡೆಗೆ ಉರುಳಿ ಬಿಡುತ್ತೆ. ಕೊನೆಗೆ ಬ್ಲೇಡಿನ ತುದಿ ಜೊತೆಗಾರನ ಕಡೆ ತೋರಿಸುತ್ತಿರಬೇಕು, ಮೊಣಕಾಲಿಗಿಂತ ಕೆಳಗೆ. ಹೀಗೆ ಮಾಡಿದರೂ ಚೆಂಡು ಮೇಲೇಳುತ್ತಿದ್ದರೆ ಬ್ಲೇಡ್ ಆಕಾಶ ನೋಡ್ತಿದೆ. ಮೇಲಿನ ಕೈಯ ಮಣಿಕಟ್ಟು ಸ್ವಲ್ಪ ತಿರುಗಿಸಿ ಬ್ಲೇಡನ್ನು ಚೆಂಡಿನ ಮೇಲೆ ಮುಚ್ಚಿಸಿ.

ತೆಗೆದುಕೊಳ್ಳುವಾಗ ಇದರ ತಿರುಗುಮುರುಗು. ಮುಂದಿನ ಪಾದದ ಮುಂದೆ ಬ್ಲೇಡ್ ನೆಲಕ್ಕಿಟ್ಟು ಕಾಯಬೇಕು, ಚೆಂಡು ತಾಗುವ ಕ್ಷಣಕ್ಕೆ ಅದರ ಜೊತೆಗೇ ಹಿಂದಿನ ಪಾದದವರೆಗೆ ಎಳೆದುಕೊಳ್ಳಬೇಕು. ಗೋಡೆ ತರ ಗಟ್ಟಿಯಾಗಿ ಹಿಡಿದರೆ ಎರಡು ಮೀಟರ್ ಆಚೆ ಹೋಗೋದು ಖಂಡಿತ. ಕೆಳಗಿನ ಕೈ ಬಿಗಿಯಾಗಿರೋದೇ ಇದಕ್ಕೆ ಕಾರಣ, ಹತ್ತರಲ್ಲಿ ಎಂಟು ಸಲ.

ಹಾಕಿ_ಅಭಿಮಾನಿ_ಕೊಡಗು:
ಹಾಕಿ ಮಕ್ಕಳ ವಿಷಯ. ಇದು ವಿಚಿತ್ರ ಏನಲ್ಲ, ನಮ್ಮ ಕಡೆ ಎಲ್ಲರಿಗೂ ಎದುರಾಗೋದೇ. ಹಾಕಿ ಚೆಂಡು 156–163 ಗ್ರಾಂ, ಅಂದರೆ ಇದರ ಸುಮಾರು ಏಳು ಪಟ್ಟು. ಆ ತೂಕಕ್ಕೆ ಒಗ್ಗಿದ ಕೈ ಇಲ್ಲಿ ವಿಪರೀತ ಬಲ ಹಾಕುತ್ತೆ. ಬಿಡಿಸಬೇಕಾದ ಅಭ್ಯಾಸ ಇವು:

ಹಾಕಿ ಸ್ಟಿಕ್ಕಿಗೆ ಒಂದೇ ಚಪ್ಪಟೆ ಮುಖ, ಹಾಗಾಗಿ ಚೆಂಡು ಎಡಕ್ಕೆ ಬಂದರೆ ಸ್ಟಿಕ್ಕನ್ನೇ ತಿರುವಿ ಹಾಕ್ತಾರೆ. ಇಲ್ಲಿ ಬ್ಲೇಡಿನ ಎರಡೂ ಮುಖದಲ್ಲಿ ಆಡಬಹುದು. ತಿರುವೋದು ಬೇಡ, ಬ್ಲೇಡ್ ಎತ್ತಿ ಚೆಂಡಿನ ಆಚೆ ಬದಿಗೆ ಇಟ್ಟರೆ ಸಾಕು. ಇನ್ನೊಂದು, ಬಲಗೈ ಸ್ಟಿಕ್ಕಿನ ಅರ್ಧಕ್ಕಿಂತ ಕೆಳಗೆ ಜಾರಿಸ್ತಾರೆ. ಅಲ್ಲೊಂದು ಬಣ್ಣದ ಟೇಪ್ ಸುತ್ತಿ, ಕೈ ಅದನ್ನು ದಾಟಬಾರದು ಅಂತ ಹೇಳಿ. ಮೂರನೆಯದು ಪಾದ. ಹಾಕಿಯಲ್ಲಿ ಕಾಲಿಗೆ ತಾಗಿದರೆ ತಪ್ಪು, ಅದಕ್ಕೆ ಚೆಂಡು ಬಂದಾಗ ಕಾಲು ಎತ್ತಿಬಿಡ್ತಾರೆ. ಇಲ್ಲಿ ಪಾದದಲ್ಲಿ ನಿಲ್ಲಿಸಿ ಬ್ಲೇಡಿಗೆ ತಂದುಕೊಳ್ಳಬಹುದು. ಕೈ, ತಲೆ ಮಾತ್ರ ಸಲ್ಲದು.

ಎಡ, ಬಲ ತೀರ್ಮಾನಕ್ಕೆ ಒಂದು ಸುಲಭ ದಾರಿ: ಕ್ರಿಕೆಟ್ ಬ್ಯಾಟ್ ಹಿಡಿಯೋಕೆ ಹೇಳಿ. ಬಲಗೈ ಬ್ಯಾಟ್ಸ್‌ಮನ್‌ಗೆ ಬಲಗೈ ಕೆಳಗೆ, ಅಂಥವರು ಸಾಮಾನ್ಯವಾಗಿ ಬಲ ಸ್ಟಿಕ್ (ಬ್ಲೇಡ್ ಮೈಯ ಬಲಕ್ಕೆ). ನಿಮ್ಮವು ನೇರ ಬ್ಲೇಡ್ ಆದ್ದರಿಂದ ಯಾರು ಯಾವ ಕಡೆ ಬೇಕಾದರೂ ಆಡಲಿ. ಬರೀ ಬಲಗೈಯವರ ಬಾಗಿದ ಬ್ಲೇಡ್ ಕೊಂಡಿದ್ದರೆ ಎಡಗೈ ಮಕ್ಕಳು ಹೊರಗೆ ಕೂರಬೇಕಾಗ್ತಿತ್ತು. ಮೊದಲ ಪೀರಿಯಡ್ ಪೂರ್ತಿ ಡ್ರಿಬ್ಲಿಂಗ್‌ಗೇ (ಚೆಂಡನ್ನು ಬ್ಲೇಡಿನಲ್ಲಿ ಆಡಿಸೋದಕ್ಕೆ) ಕೊಡಿ, ಕೈಗೆ ಹಗುರ ಚೆಂಡು ಒಗ್ಗಲಿ.

ಮೂರು_ಸೀಟಿ:
ಕೊನೇ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಸರ್. ಕೋನ್ ಸಾಲಿಟ್ಟು ಡ್ರಿಬ್ಲಿಂಗ್ ಮಾಡಿಸಿದರೆ 48 ಮಕ್ಕಳಲ್ಲಿ ಬಹುಪಾಲು ಬರೀ ಸಾಲಲ್ಲಿ ನಿಂತಿರ್ತಾರೆ. 16 ಸ್ಟಿಕ್ಕಿಗೆ ಸರಿಹೊಂದೋದು ಮೂವರ ಗುಂಪು, 16 ಗುಂಪು:

ಒಬ್ಬರ ಕೈಲಿ ಸ್ಟಿಕ್. ಎದುರಿನವರು 5 ಮೀಟರ್ ದೂರದಿಂದ ಚೆಂಡನ್ನು ಕೈಯಲ್ಲಿ ಉರುಳಿಸ್ತಾರೆ, ವಾಪಸ್ ಬಂದದ್ದನ್ನು ಪಾದದಲ್ಲಿ ನಿಲ್ಲಿಸ್ತಾರೆ. ಮೂರನೆಯವರು ಅವರ ಹಿಂದೆ ನಿಂತು ತಪ್ಪಿದ ಚೆಂಡು ಹಿಡೀತಾರೆ, ಜೊತೆಗೆ ಒಂದೇ ಒಂದು ವಿಷಯ ಗಮನಿಸಿ ಕೂಗ್ತಾರೆ: ‘ಸದ್ದು ಬಂತು’ ಅಥವಾ ‘ಬ್ಲೇಡ್ ಎತ್ತರ’. 90 ಸೆಕೆಂಡಿಗೊಮ್ಮೆ ಬದಲಾವಣೆ. ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರಿಗೂ ಎರಡು ಸರದಿ ಸಿಗುತ್ತೆ.

ಜಾಗ: ಅಂಕಣ 28×15 ಮೀ. ಇದ್ದರೆ ಸ್ಟಿಕ್ ಹಿಡಿದವರು ನಡುವೆ ಉದ್ದಕ್ಕೂ ಬೆನ್ನಿಗೆ ಬೆನ್ನು, ಮಧ್ಯೆ 3 ಮೀ. ಅಂತರ ಬಿಟ್ಟು. ಒಂದೊಂದು ಬದಿಗೆ 8 ಜನ, ಅಕ್ಕಪಕ್ಕ 3.5 ಮೀ. ಎಲ್ಲರೂ ಹೊರಮುಖವಾಗೇ ಪಾಸ್ ಕೊಡೋದರಿಂದ ಯಾರ ಸ್ಟಿಕ್ಕೂ ಯಾರ ಮುಖದ ಹತ್ತಿರ ಬರೋದಿಲ್ಲ. ಸೀಟಿ ಊದಿದ ಕೂಡಲೇ ಬ್ಲೇಡ್ ನೆಲಕ್ಕೆ, ಇದು ಮೊದಲ ದಿನದಿಂದಲೇ. ಸ್ಟಿಕ್ ಕೈಯಿಂದ ಕೈಗೆ ಎಸೆಯೋದಿಲ್ಲ, ನೆಲದಲ್ಲಿಟ್ಟು ಹೋಗಬೇಕು.

ಡ್ರಿಬ್ಲಿಂಗ್ ಎರಡನೇ ಪೀರಿಯಡ್‌ಗೆ ಸಾಕು, ಅದೂ ನಿಂತಲ್ಲೇ: ಮೈ ಮುಂದೆ ಎಡಕ್ಕೆ ಬಲಕ್ಕೆ 40 ಸೆಂ.ಮೀ. ಒಳಗೆ, ಕಣ್ಣು ನಿಮ್ಮ ಬೆರಳ ಮೇಲೆ. ನೀವು ತೋರಿಸಿದ ಬೆರಳೆಷ್ಟು ಅಂತ ಅವರು ಕೂಗಿ ಹೇಳಲಿ.

ಮೂರನೇ ಪೀರಿಯಡ್‌ನಿಂದ ಆಟ. ಅಂಕಣವನ್ನು ಅರ್ಧ ಮಾಡಿದರೆ 14×15 ಮೀ. ಎರಡು ಜಾಗ, ಒಂದೊಂದರಲ್ಲಿ 4 ಜನರೆದುರು 4 ಜನ. ಹದಿನಾರೂ ಸ್ಟಿಕ್ ಬಳಕೆಯಲ್ಲಿ. ಗೋಲ್‌ಕೀಪರ್ ಬೇಡ. ಎರಡು ಕೋನ್ 90 ಸೆಂ.ಮೀ. ಅಂತರದಲ್ಲಿಟ್ಟು, ಅದರ ಮುಂದೆ 1.5 ಮೀ. ಅರ್ಧ ವೃತ್ತ ಎಳೆಯಿರಿ, ಅದರೊಳಗೆ ಯಾರೂ ನಿಲ್ಲುವ ಹಾಗಿಲ್ಲ, ಉರುಳಿ ಹೋದ ಗೋಲ್ ಮಾತ್ರ ಲೆಕ್ಕ. ಉಳಿದ 32ರಲ್ಲಿ ಅರ್ಧ ಜನ ಗೆರೆಯಿಂದ ಒಂದು ಮೀಟರ್ ಹೊರಗೆ ನಿಂತು ಪಾದದಲ್ಲಿ ಚೆಂಡು ತಡೆದು ಒಳಗೆ ಉರುಳಿಸಲಿ, ಬೋರ್ಡಿನ ಕೆಲಸ ಆಯ್ತು. ಇನ್ನರ್ಧ ಅಂಕ ಬರೆದು, ಎತ್ತರ ಸ್ಟಿಕ್ ಕಂಡರೆ ಕೈ ಎತ್ತಲಿ. ಎರಡು ನಿಮಿಷಕ್ಕೊಮ್ಮೆ ಪಾಳಿ. ಅಸಲಿ ಆಟದಲ್ಲೂ ಓಟದ ನಡುವೆಯೇ ಆಟಗಾರರು ಬದಲಾಗ್ತಾರೆ, ಇಲ್ಲಿ ಎರಡು ನಿಮಿಷಕ್ಕೇ ಉಸಿರು ಬಿಗಿಯುತ್ತೆ.

ಗುಂಪುಗೂಡೋದಕ್ಕೆ ಬೈದು ಪ್ರಯೋಜನ ಇಲ್ಲ, ನಿಯಮ ಬದಲಿಸಿ. ಅರ್ಧ ಅಂಕಣದ ನಡುವೆ ಸುಣ್ಣದ ಗೆರೆ ಎಳೆದು ತಂಡದ ಇಬ್ಬರು ಹಿಂದೆ, ಇಬ್ಬರು ಮುಂದೆ, ಗೆರೆ ದಾಟಬಾರದು. ಚೆಂಡು ದಾಟಬೇಕಾದರೆ ಪಾಸ್ ಕೊಡಲೇಬೇಕು.

ಡ್ರಿಲ್_ಪೀರಿಯಡ್:
ಮೂವರ ಗುಂಪು ಹೊಳೆದೇ ಇರಲಿಲ್ಲ, ಧನ್ಯವಾದ ಸರ್. ಎರಡು ಪ್ರಶ್ನೆ. ಶಾಟ್ ಯಾವಾಗ? 8ನೇ ತರಗತಿಯ ಸಣ್ಣ ಮಕ್ಕಳಿಗೆ ಸ್ಟಿಕ್ ಉದ್ದ ಆಗ್ತಿದೆ, ಕತ್ತರಿಸಬಹುದಾ?

ಬ್ಲೇಡ್_ಕೆಳಗೆ:
ಶಾಟ್ ಐದನೇ ಪೀರಿಯಡ್‌ಗೆ. ಎಳೆದು ಬಿಡುವ ಶಾಟ್ ಒಂದೇ. ಪಾಸಿನದೇ ಚಲನೆ, ಚೆಂಡು ಇನ್ನೂ ಅರ್ಧ ಮೀಟರ್ ಹಿಂದಿನಿಂದ, ಕೆಳಗಿನ ಕೈಯಿಂದ ಸ್ಟಿಕ್ಕನ್ನು ನೆಲಕ್ಕೆ ಒತ್ತಿ, ಕೊನೆಯಲ್ಲಿ ಮಣಿಕಟ್ಟಿನ ತಿರುವು. ಸ್ಟಿಕ್ ಹಿಂದಕ್ಕೆ ಬೀಸಿ ಹೊಡೆಯೋ ಸ್ಲ್ಯಾಪ್ ಶಾಟ್ ಈ ವರ್ಷ ಪೂರ್ತಿ ನಿಷೇಧ. ಇಷ್ಟು ಮಕ್ಕಳಿರುವ ಕಡೆ ಚೆಂಡಿಗಿಂತ ಬ್ಲೇಡಿನ ತುದಿಯೇ ಕಣ್ಣಿಗೆ ಅಪಾಯ. ಸಾಧ್ಯವಾದರೆ ಆಡುವ 16 ಮಂದಿಗೆ ಪಟ್ಟಿ ಇರುವ ರಕ್ಷಣಾ ಕನ್ನಡಕ ಕೊಡಿಸಿ. ಪೂರ್ಣ ಅಳತೆಯ ಗೋಲ್ (160×115 ಸೆಂ.ಮೀ.) ತಂದರೂ ಮುಖದ ಜಾಲರಿ ಇರುವ ಹೆಲ್ಮೆಟ್ ಇಲ್ಲದೆ ಯಾರನ್ನೂ ಅದರ ಮುಂದೆ ಮಂಡಿಯೂರಿಸಬೇಡಿ. ಫ್ಲೋರ್‌ಬಾಲ್ ಕೀಪರ್‌ಗೆ ಸ್ಟಿಕ್ ಇರೋದಿಲ್ಲ, ಮುಖ ಸರಿಯಾಗಿ ಚೆಂಡಿನ ಎತ್ತರಕ್ಕೇ ಇರುತ್ತೆ.

ಗರಗಸ_ಮತ್ತು_ಟೇಪ್:
ಕತ್ತರಿಸಬಹುದು. ಬ್ಲೇಡ್ ನೆಲಕ್ಕಿಟ್ಟು ನಿಲ್ಲಿಸಿದರೆ ಸ್ಟಿಕ್ ಹೊಕ್ಕುಳಿನವರೆಗೆ ಬರಬೇಕು. 150 ಸೆಂ.ಮೀ. ಎತ್ತರದ ಮಗುವಿಗೆ ಸುಮಾರು 90. ಗಮನಿಸಿ, ಸ್ಟಿಕ್ ಮೇಲೆ ಬರೆದಿರೋದು ಸಾಮಾನ್ಯವಾಗಿ ಬರೀ ಕೋಲಿನ ಉದ್ದ, ಬ್ಲೇಡ್ ಸೇರಿದರೆ 10 ಸೆಂ.ಮೀ. ಆಸುಪಾಸು ಜಾಸ್ತಿ. ಉದ್ದ ಹೆಚ್ಚಾದರೆ ಮೇಲಿನ ತುದಿ ಹೊಟ್ಟೆಗೆ ತಾಗುತ್ತೆ, ಮಗು ಕೈ ಕೆಳಗೆ ಜಾರಿಸುತ್ತೆ, ಚೆಂಡು ಮೈಯಿಂದ ದೂರ ಹೋಗುತ್ತೆ.

ಕತ್ತರಿಸೋದು ಯಾವತ್ತೂ ಮೇಲಿನ ತುದಿಯಿಂದ. ತುದಿಯ ಟೋಪಿ (ಮುಚ್ಚಳ) ತೆಗೆದು, ಗ್ರಿಪ್ಪನ್ನು (ಹಿಡಿಗೆ ಸುತ್ತಿದ ಪಟ್ಟಿ) ಕತ್ತರಿಸುವ ಜಾಗಕ್ಕಿಂತ 10 ಸೆಂ.ಮೀ. ಕೆಳಗಿನವರೆಗೆ ಬಿಚ್ಚಿ. ಕತ್ತರಿಸುವ ಜಾಗಕ್ಕೆ ಎರಡು ಸುತ್ತು ಕಾಗದದ ಟೇಪ್ ಬಿಗಿದು, ಲೋಹ ಕೊಯ್ಯುವ ಸಣ್ಣ ಹಲ್ಲಿನ ಗರಗಸದಲ್ಲಿ ನಿಧಾನ ಕೊಯ್ಯಿರಿ. ಟೇಪ್ ಇಲ್ಲದಿದ್ದರೆ ನಾರು ಸೀಳುತ್ತೆ. ಫೈಬರ್ ಧೂಳು ಉಸಿರಿಗೆ ಒಳ್ಳೇದಲ್ಲ, ಮೂಗಿಗೆ ಧೂಳು ತಡೆಯುವ ಮಾಸ್ಕ್, ಗರಗಸಕ್ಕೆ ನೀರು. ಅಂಚು ಉಜ್ಜಿ, ಟೋಪಿ ಹಾಕಿ, ಗ್ರಿಪ್ ಮರಳಿ ಸುತ್ತಿ. ಗಿಡ್ಡವಾದಷ್ಟೂ ಕೋಲು ಬಿಗಿಯಾಗುತ್ತೆ, ಹಾಗಾಗಿ ಒಂದೇ ಸಲ 5 ಸೆಂ.ಮೀ.ಗಿಂತ ಹೆಚ್ಚು ಬೇಡ. ಎಲ್ಲವನ್ನೂ ಕತ್ತರಿಸಬೇಡಿ, 8 ಸಾಕು. ಗುರುತಿಗೆ ಎರಡು ಬಣ್ಣದ ಟೇಪ್.

ಸಿಮೆಂಟ್ ನೆಲ ಬ್ಲೇಡಿನ ಕೆಳ ಅಂಚನ್ನು ತಿನ್ನುತ್ತೆ. ಆಟಕ್ಕೆ ಮುಂಚೆ ಮರಳು ಗುಡಿಸಿ, ತಿಂಗಳಿಗೊಮ್ಮೆ ಅಂಚು ಮುಟ್ಟಿ ನೋಡಿ. ಚೂಪು ಎದ್ದಿದ್ದರೆ ಮರಳು ಕಾಗದದಲ್ಲಿ ಉಜ್ಜಿ, ಸೀಳಿದ್ದರೆ ಬ್ಲೇಡ್ ಮಾತ್ರ ಬದಲಿಸಿ. ಸೀಳಿದ ಚೆಂಡು ಉರುಳುವಾಗ ದಾರಿ ತಪ್ಪುತ್ತೆ, ಪಾಸ್ ಅಭ್ಯಾಸಕ್ಕೆ ಅದನ್ನು ಇಟ್ಟುಕೊಳ್ಳಬೇಡಿ.