ಕೆಎ 34 ಚಪ್ಪಲಿ

ಮಂಗಳವಾರ ಸಂಜೆ ಮೇಷ್ಟ್ರು ಬರಿಗಾಲಲ್ಲಿ ಬಂದರು.

ಕೌಲ್ ಬಜಾರಿನ ಮಿರ್ಚಿ ಬಂಡಿ ಹತ್ತಿರ ನಾವು ನಾಲ್ಕು ಜನ ದಿನಾ ಸೇರುತ್ತೇವೆ. ಗಣಿತ ಕಲಿಸಿ ರಿಟೈರ್ ಆದ ಮೇಷ್ಟ್ರು, ಜೀನ್ಸ್ ಹೊಲಿಸುವ ಜೀನ್ಸಣ್ಣ, ಪಾತ್ರೆ ಅಂಗಡಿ ಸಾವ್ಕಾರ, ಮತ್ತೆ ನಾನು. ಬಳ್ಳಾರಿ ಬೇಸಿಗೆಯಲ್ಲಿ ಸಂಜೆ ಏಳಕ್ಕೂ ರಸ್ತೆ ಅಂದರೆ ಕಾದ ಹೆಂಚು. ಮೇಷ್ಟ್ರು ಒಂದು ಕಾಲು ಊರಿ ಒಂದು ಕಾಲು ಎತ್ತಿ ಕುಣಿಯುತ್ತ ಬರುವುದನ್ನು ನೋಡಿ ಜೀನ್ಸಣ್ಣ ಕೈ ಮುಗಿದ.

"ಏನ್ ಮೇಷ್ಟ್ರೇ, ಹರಕೆನಾ?"

"ಹರಕೆ ಅಲ್ಲಪ್ಪಾ. ಗುಡಿ ಮುಂದೆ ಬಿಟ್ಟಿದ್ದೆ. ಹೊಸ ಚಪ್ಪಲಿ. ತಗೊಂಡು ಹದಿನಾಲ್ಕೇ ದಿನ."

"ಒಳ್ಳೇದಾಯ್ತು ಬಿಡಿ, ಚಪ್ಪಲಿ ಜೊತೆ ಶನಿನೂ ಹೋಯ್ತು" ಅಂದ ಸಾವ್ಕಾರ.

"ಆರುನೂರಾ ಐವತ್ತು ರೂಪಾಯಿ ಕೊಟ್ಟು ಶನಿ ಯಾರು ತಗೋತಾರೋ?"

ಮೇಷ್ಟ್ರದ್ದು ಒಂದು ಗುಣ ಇದೆ. ಏನಾದರೂ ಕಳೆದರೆ ಅದನ್ನು ಹುಡುಕುವುದಿಲ್ಲ, ಅದರ ಬಗ್ಗೆ ಓದುತ್ತಾರೆ. ಮರುದಿನ ಹಳೇ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಪೂರ್ತಿ ಓದಿಕೊಂಡೇ ಬಂದರು.

"ಅಮೆರಿಕದವರು ಇದಕ್ಕೆ ಯಾವತ್ತೋ ದಾರಿ ಹುಡುಕಿದ್ದಾರೆ."

"ಚಪ್ಪಲಿಗಾ?"

"ಎಲ್ಲದಕ್ಕೂ. 1963ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆ ಪಾರ್ಕ್ ಅನ್ನುವ ಊರಲ್ಲಿ ಶುರುವಾಯಿತು. ಹೆಸರು ಆಪರೇಷನ್ ಐಡೆಂಟಿಫಿಕೇಶನ್. ಪೊಲೀಸರೇ ಕೊರೆಯುವ ಮಷೀನು ಕೈಬದಲಿಗೆ ಕೊಡುತ್ತಾರೆ. ಜನ ಟಿವಿ, ರೇಡಿಯೊ, ಕ್ಯಾಮೆರಾ ಎಲ್ಲದರ ಮೇಲೂ ತಮ್ಮ ನಂಬರ್ ಕೊರೆಯುತ್ತಾರೆ. ಬಾಗಿಲಿಗೆ ಒಂದು ಸ್ಟಿಕ್ಕರ್, ಈ ಮನೆ ಸಾಮಾನಿಗೆಲ್ಲ ಗುರುತು ಹಾಕಿದೆ ಅಂತ. ಕಳ್ಳ ಅದನ್ನು ಓದಿ, ಈ ಮಾಲು ಮಾರುವುದು ಕಷ್ಟ ಅಂದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ."

"ಹಂಗಾದ್ರೆ ಸ್ಟಿಕ್ಕರ್ ಒಂದೇ ಸಾಕಲ್ವಾ? ಕೊರೆಯೋದು ಯಾಕೆ?" ಅಂದ ಜೀನ್ಸಣ್ಣ. ಅವನ ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು ತಗುಲಿ ಆರು ವರ್ಷವಾಯಿತು. ನಾಯಿ ಇನ್ನೂ ಬಂದಿಲ್ಲ.

ಸಾವ್ಕಾರನಿಗೆ ಮಾತ್ರ ಸಿಟ್ಟು ಬಂದಿತ್ತು. ಮಿರ್ಚಿಯನ್ನು ಅರ್ಧಕ್ಕೇ ಇಟ್ಟ. "ಅಲ್ಲ ಮೇಷ್ಟ್ರೇ, 1963 ಅಂತೀರಲ್ಲ! ಅದಕ್ಕೂ ಮೊದಲೇ ನಮ್ಮಪ್ಪ ಉಳಿ ಸುತ್ತಿಗೆ ಹಿಡಿದು ಹಿತ್ತಾಳೆ ಕೊಡದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುತ್ತಿದ್ದ. ನಾವು ಅದಕ್ಕೆ ಆಪರೇಷನ್ ಅನ್ನಲಿಲ್ಲ, ಹೆಸರು ಹಾಕಿಸೋದು ಅಂದೆವು. ಅಷ್ಟೇ ವ್ಯತ್ಯಾಸ."

ಮಾತು ನಿಜ. ಆದರೆ ನಮ್ಮಲ್ಲಿ ಒಂದು ತೊಡಕಿದೆ. ಪಾತ್ರೆ ಮೇಲೆ ಇರುವ ಹೆಸರು ಯಜಮಾನನದ್ದೇ ಅಂತ ಹೇಳುವ ಹಾಗಿಲ್ಲ. ಮದುವೆಗೆ ಬಂದ ಚೊಂಬಿನ ಮೇಲೆ ಮದುಮಗಳ ಹೆಸರು ಮೂಲೆಯಲ್ಲೆಲ್ಲೋ ಸಣ್ಣಗೆ ಇರುತ್ತದೆ. ಕೊಟ್ಟ ಸೋದರಮಾವನ ಹೆಸರು, ಇನಿಷಿಯಲ್ಲು, ಊರು, ತಾರೀಖು ಸುತ್ತಲೂ ಮಾಲೆ ಹಾಕಿದಂತೆ ಇರುತ್ತದೆ. ಪೊಲೀಸರು ಚೊಂಬು ಹಿಡಿದು ವಾರಸುದಾರನನ್ನು ಹುಡುಕಿದರೆ ಸಿರಗುಪ್ಪದ ಸೋದರಮಾವನ ಮನೆ ಬಾಗಿಲು ತಟ್ಟುತ್ತಾರೆ. ಅವನು ಸಂತೋಷದಿಂದ ವಾಪಸ್ ಇಸಕೊಳ್ಳುತ್ತಾನೆ.

"ಅದಕ್ಕೇ ಹೆಸರಲ್ಲ, ನಂಬರ್ ಬೇಕು" ಅಂದರು ಮೇಷ್ಟ್ರು. ಗಣಿತದವರಲ್ವಾ.

"ಯಾವ ನಂಬರ್? ಆಧಾರಾ?"

"ಅಯ್ಯೋ, ಅದನ್ನು ಚಪ್ಪಲಿ ಮೇಲೆ ಕೊರೆದರೆ ಚಪ್ಪಲಿ ಜೊತೆ ಅದೂ ಹೋಯ್ತು. ಅಮೆರಿಕದಲ್ಲೂ ಮೊದಮೊದಲು, ನಮ್ಮ ಆಧಾರ್ ಥರ ಅಲ್ಲಿರುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊರೆದು, ಆಮೇಲೆ ಬೇಡ ಅಂದರು. ಡ್ರೈವಿಂಗ್ ಲೈಸೆನ್ಸ್ ನಂಬರ್ ಹಾಕಿ ಅಂದರು. ನಮ್ಮದಾದರೆ ಕೆಎ 34, ಆಮೇಲೆ ಇಸವಿ, ಆಮೇಲೆ ಏಳು ಅಂಕಿ. ಒಟ್ಟು 15 ಅಕ್ಷರ."

"ನಿಮ್ಮ ಹತ್ತಿರ ಲೈಸೆನ್ಸ್ ಇದೆಯಾ?"

ಮೇಷ್ಟ್ರು ಮಂಡಕ್ಕಿಯಲ್ಲಿ ಶೇಂಗಾ ಹುಡುಕತೊಡಗಿದರು. ನಲವತ್ತು ವರ್ಷದಿಂದ ಅವರು ಓಡಿಸುವುದು ಸೈಕಲ್ಲು.

"ಹಿಂದೆ ಮುನ್ಸಿಪಾಲ್ಟಿಯವರು ಸೈಕಲ್ಲಿಗೂ ಬಿಲ್ಲೆ ಕೊಡುತ್ತಿದ್ದರು" ಅಂತ ಮೆಲ್ಲಗೆ ಹೇಳಿದರು.

ಜೀನ್ಸಣ್ಣನಿಗೆ ನಂಬರ್ ಅಂದರೆ ಅಷ್ಟಕ್ಕಷ್ಟೇ. ಅವನ ಬದುಕೇ ನಂಬರ್. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಂದೇ ಸಲ ಕತ್ತರಿಸುತ್ತಾರೆ. ಆಮೇಲೆ ಪ್ರತಿ ತುಂಡಿಗೂ ನಂಬರ್. 12ರ ಎಡಗಾಲು 12ರ ಬಲಗಾಲಿಗೇ ಸೇರಬೇಕು. ತಪ್ಪಿದರೆ ಪ್ಯಾಂಟಿನ ಒಂದು ಕಾಲು ಆಕಾಶ, ಇನ್ನೊಂದು ಕಾಲು ಶಾಯಿ. "ಇಷ್ಟು ನಂಬರ್ ಹಾಕಿದರೂ ಹೋದ ತಿಂಗಳು ಎಂಟು ಪ್ಯಾಂಟು ಹೋದವು. ಪೂರ್ತಿ ಜೋಡಿ. ಕದ್ದವನು ನಂಬರ್ ನೋಡಿಕೊಂಡೇ ಎತ್ತಿದ್ದಾನೆ."

ಆಗ ನನಗೆ ಅಜ್ಜಿ ಹೇಳುತ್ತಿದ್ದ ಕೇರು ಬೀಜ ನೆನಪಾಯಿತು. ಮಡಿವಾಳರು ಬಟ್ಟೆ ಮೂಲೆಗೆ ಅದರ ರಸದಲ್ಲಿ ಗುರುತು ಹಾಕುತ್ತಿದ್ದರು. ಸುಣ್ಣ ಸೇರಿತೋ, ಕರ್ರಗೆ ಕೂತುಬಿಡುತ್ತದೆ. ಎಷ್ಟು ಒಗೆದರೂ ಹೋಗುವುದಿಲ್ಲ. ಇಂಗ್ಲಿಷರು ಆ ಬೀಜಕ್ಕೆ ಮಾರ್ಕಿಂಗ್ ನಟ್ ಅಂತಲೇ ಹೆಸರಿಟ್ಟರು. ಒಂದೇ ತೊಂದರೆ, ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

"ಅದನ್ನೇ ಚಪ್ಪಲಿಗೆ ಹಚ್ಚಿಬಿಡಿ! ಊರಲ್ಲಿ ಯಾರ ಅಂಗಾಲಲ್ಲಿ ಬೊಬ್ಬೆ ಇದೆಯೋ ಅವನೇ ಕಳ್ಳ" ಅಂದ ಜೀನ್ಸಣ್ಣ.

"ಮೊದಲು ನಾನೇ ಮೆಟ್ಟಬೇಕಲ್ಲೋ!"

ಅಷ್ಟರಲ್ಲಿ ಬಂಡಿಯವನು ಜಾಲರಿ ಸೌಟು ಎತ್ತಿ ಹಿಡಿದು ಮಾತಿಗೆ ಬಂದ. "ನಮ್ಮ ಎಮ್ಮೆ ಕಿವಿಗೂ ಹಳದಿ ಬಿಲ್ಲೆ ಹಾಕಿದ್ದಾರೆ ಸಾರ್. 12 ಅಂಕಿ. ನನ್ನ ಆಧಾರೂ 12, ಎಮ್ಮೇದೂ 12. ಸಾಲ ಕೇಳೋಕೆ ಹೋದರೆ ನನ್ನದನ್ನು ಸುಮ್ನೆ ನೋಡ್ತಾರೆ. ಎಮ್ಮೇದನ್ನು ಎರಡು ಸಲ ನೋಡ್ತಾರೆ."

ಫೋನಿನ ವಿಷಯ ಬಂದಾಗ ನಾನು ಜಾಣನಂತೆ ಮಾತಾಡಬಾರದಿತ್ತು. ಫೋನು ಹುಟ್ಟುವಾಗಲೇ 15 ಅಂಕಿಯ ಐಎಂಇಐ ಅನ್ನುವ ಗುರುತಿನ ನಂಬರ್ ಹೊತ್ತುಕೊಂಡು ಬರುತ್ತದೆ, ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಕಾಣುತ್ತದೆ, ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಫೋನು ಬ್ಲಾಕ್ ಆಗುತ್ತದೆ, ಕದ್ದವನು ಬೇರೆ ಸಿಮ್ ಹಾಕಿದರೂ ನಡೆಯುವುದಿಲ್ಲ ಅಂತೆಲ್ಲ ಹೇಳಿದೆ.

"ಹೋದ ವರ್ಷ ನಿನ್ನ ಫೋನ್ ಬಸ್ಸಲ್ಲಿ ಹೋಯ್ತಲ್ಲ, ಆಗ ನಂಬರ್ ಬರೆದಿಟ್ಟಿದ್ದೆಯಾ?" ಅಂದರು ಮೇಷ್ಟ್ರು.

ಬರೆದಿಟ್ಟಿದ್ದೆ. ಫೋನಿನಲ್ಲೇ.

ಕೊನೆಗೆ ಸಿಕ್ಕಿದ್ದು ಫೋನು ಬಂದ ಖಾಲಿ ಡಬ್ಬದ ಮೇಲೆ. ನನ್ನ ಹೆಂಡತಿ ಅದರಲ್ಲಿ ಸೇಫ್ಟಿ ಪಿನ್ನು, ಗುಂಡಿ ಹಾಕಿಟ್ಟಿದ್ದಳು. ಫೋನು ಬ್ಲಾಕ್ ಏನೋ ಆಯಿತು, ಆದರೆ ಕೈಗೆ ಬರಲಿಲ್ಲ. ಈಗ ಅದು ಅವನಿಗೂ ಇಲ್ಲ, ನನಗೂ ಇಲ್ಲ. ಇದರಲ್ಲಿ ಒಂಥರಾ ಸಮಾಧಾನ ಇದೆ, ಸುಳ್ಳು ಹೇಳಬಾರದು.

ಇಷ್ಟಾದ ಮೇಲೂ ಮೇಷ್ಟ್ರು ಬಿಡಲಿಲ್ಲ. ಸಾವ್ಕಾರನ ಅಂಗಡಿಯ ಕೊರೆಯುವ ಮಷೀನು ಭಾನುವಾರ ನಮ್ಮ ಮನೆಗೆ ಬರಬೇಕು, ನಾಲ್ಕೂ ಮನೆ ಸಾಮಾನಿಗೆ ನಂಬರ್ ಬೀಳಬೇಕು ಅಂತ ತೀರ್ಮಾನವಾಯಿತು. ನಮ್ಮ ಮನೆಯೇ ಯಾಕೆ ಅಂದರೆ ನಮ್ಮಲ್ಲಿ ಇನ್ವರ್ಟರ್ ಇದೆ.

ಭಾನುವಾರ ಮೊದಲು ಮೇಷ್ಟ್ರು ಮತ್ತೆ ಕೊಂಡ ಹೊಸ ಚಪ್ಪಲಿ. ಲೈಸೆನ್ಸ್ ಇಲ್ಲದ್ದಕ್ಕೆ ಬರೀ 'ಕೆಎ 34' ಸಾಕು ಅಂದರು. ಅದು ಬಳ್ಳಾರಿಯ ಅಷ್ಟೂ ಗಾಡಿಗಳ ನಂಬರ್ ಅಂತ ಹೇಳಿದರೂ ಕೇಳಲಿಲ್ಲ. ಮಷೀನಿನ ಸೂಜಿ ಸ್ಟೀಲಿಗೆ ಮಾಡಿದ್ದು. ಮೆತ್ತನೆ ಅಟ್ಟೆಗೆ ಇಟ್ಟ ಕೂಡಲೇ ಕರ್ರ್ ಅಂತ ಒಳಗೆ ಹೋಗಿ ಆಚೆ ಕಡೆ ಬಂತು. ಎಡಗಾಲಿಗೆ 'ಕೆ'ಯ ಜಾಗದಲ್ಲಿ ಒಂದು ತೂತು. ಜೀನ್ಸಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ಇನ್ನು ಯಾರೂ ಕದಿಯಲ್ಲ ಮೇಷ್ಟ್ರೇ, ಗ್ಯಾರಂಟಿ" ಅಂದ.

ಆಮೇಲೆ ನಮ್ಮ ಪಾತ್ರೆಗಳ ಸರದಿ. ಹೆಂಡತಿ ಅಟ್ಟದಿಂದ ಒಂದೊಂದಾಗಿ ಇಳಿಸಿದಳು. ಸಾವ್ಕಾರ ಖಾಲಿ ಜಾಗ ಹುಡುಕುತ್ತ ತಿರುಗಿಸಿ ತಿರುಗಿಸಿ ನೋಡಿದ. ಒಂದು ಡಬ್ಬದ ಮೇಲೆ ಹಿಂದಿನ ಓಣಿಯ ಟೀಚರಮ್ಮನ ಹೆಸರು. ಎರಡು ತಟ್ಟೆ ಮೇಲೆ ನನ್ನ ಷಡ್ಡಕನ ಹೆಸರು. ಒಂದು ದೊಡ್ಡ ಪರಾತದ ಮೇಲೆ ಗುಡಿ ಸೇವಾ ಸಮಿತಿ. ಕಳ್ಳರಿಗೆ ಹೆದರಿ ಕೂತಿದ್ದ ನಾನು ತಲೆ ತಗ್ಗಿಸಿದೆ. ಮೇಷ್ಟ್ರು ಒಂದು ಹಾಳೆ ತೆಗೆದು ಲೆಕ್ಕ ಬರೆಯಲು ಶುರು ಮಾಡಿದರು. ಇದನ್ನು ಅವರು ಮಾಡಬಾರದಿತ್ತು.

ಕೊನೆಗೆ ಒಂದು ದಪ್ಪ ತಳದ ಬೋಗುಣಿ ಬಂತು. ಸಾವ್ಕಾರ ಅದನ್ನು ತಿರುಗಿಸಿದ, ಕನ್ನಡಕ ಹಾಕಿಕೊಂಡ, ಮಷೀನ್ ಆಫ್ ಮಾಡಿದ.

"ಇದು ನಮ್ಮಮ್ಮನ ಹೆಸರು. ನಮ್ಮಪ್ಪ ಕೈಯಲ್ಲೇ ಹೊಡೆದದ್ದು."

ಯಾರೂ ಮಾತಾಡಲಿಲ್ಲ. ಫ್ಯಾನ್ ಒಂದು ತಿರುಗುತ್ತಿತ್ತು.

"ಇದು ಕಾಣೆಯಾಯ್ತು ಅಂತ ಅಮ್ಮ ನಮ್ಮ ಚಿಕ್ಕಮ್ಮನ ಜೊತೆ ಎಂಟು ವರ್ಷ ಮಾತು ಬಿಟ್ಟಿದ್ದಳು."

"ನಮ್ಮ ಗೃಹಪ್ರವೇಶಕ್ಕೆ ಇದರಲ್ಲೇ ಹೋಳಿಗೆ ಸಾರು ಕಳಿಸಿದ್ದರು ಅಣ್ಣಾ" ಅಂದಳು ನನ್ನ ಹೆಂಡತಿ, ಒಂಚೂರೂ ಅಳುಕದೆ. "ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ವಾ? ಏನಾದರೂ ಒಳ್ಳೇದು ಮಾಡಿದಾಗ ಹಾಕಿ ಕೊಡೋಣ ಅಂತ ಎತ್ತಿಟ್ಟಿದ್ದೆ."

"ಹತ್ತೊಂಬತ್ತು ವರ್ಷದಿಂದ ಈ ಮನೆಯಲ್ಲಿ ಒಂದೂ ಒಳ್ಳೇದು ಮಾಡಿಲ್ವಾ ತಂಗೆಮ್ಮಾ?"

ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಸಾವ್ಕಾರ ಬೋಗುಣಿಯನ್ನು ತೊಡೆ ಮೇಲೆ ಇಟ್ಟುಕೊಂಡು, ಅಡುಗೆಮನೆ ಕಡೆ ಮೂಗು ತಿರುಗಿಸಿ ಕೇಳಿದ: "ಇವತ್ತು ಏನು ಮಾಡಿದ್ದೀಯ?"