ಮೂನ್‌ಶೈನ್ ಅಂದ್ರೆ ನಮ್ಮ ಕಳ್ಳಭಟ್ಟಿನೇ ಅಲ್ವಾ?

ಜಯನಗರದ_ಜಾಣ:
ಮೊನ್ನೆ ಇಂದಿರಾನಗರದ ಒಂದು ಪಬ್‌ನಲ್ಲಿ ಉಪ್ಪಿನಕಾಯಿ ಜಾಡಿ ಥರದ ಗಾಜಿನ ಬಾಟ್ಲಿಯಲ್ಲಿ ಏನೋ ತಂದಿಟ್ಟರು. ಹೆಸರು ಮೂನ್‌ಶೈನ್. ಬಿಲ್ ನೋಡಿದ ಮೇಲೆ ಅಮಲು ಇಳಿಯಿತು, ಅದು ಬೇರೆ ಮಾತು. ಅಮೆರಿಕದ ಬೆಟ್ಟದ ಜನ ಕದ್ದು ಇಳಿಸುತ್ತಿದ್ದ ವಿಸ್ಕಿ ಇದು ಅಂತ ಫ್ರೆಂಡ್ ಹೇಳಿದ. ಹಾಗಾದರೆ ಕಳ್ಳಭಟ್ಟಿನೇ ತಾನೇ? ಅವರದಕ್ಕೆ ಮಾತ್ರ ಯಾಕಿಷ್ಟು ಬಿಲ್ಡಪ್? ಕಡ್ಡಿ ಗೀರಿದಾಗ ನೀಲಿ ಉರಿ ಬಂದರೆ ಸೇಫ್, ಕೆಂಪು ಬಂದರೆ ವಿಷ ಅಂತಲೂ ಅಂದ. ನಿಜನಾ?

ಹಳೇಪೇಪರ್:
ಕಸುಬು ಒಂದೇ, ಸಾಮಾನು ಬೇರೆ. ಅವರದು ಹುಳಿ ಬರಿಸಿದ ಮೆಕ್ಕೆಜೋಳದ ಕೊಳೆ, ತಾಮ್ರದ ಹಂಡೆ. ನಮ್ಮದು ಬೆಲ್ಲ, ಬಿಳಿಜಾಲಿ ತೊಗಟೆ. ರಾತ್ರಿ ಬೆಳದಿಂಗಳಲ್ಲಿ ಮಾಡುವ ಕೆಲಸ ಅಂತ ಆ ಹೆಸರು. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡೋಕೆ ಕಳ್ಳನಿಗೆ ಪುರಸೊತ್ತು ಎಲ್ಲಿ, ಅದಕ್ಕೇ ಬಣ್ಣವಿಲ್ಲದೆ ನೀರಿನ ಹಾಗಿರುತ್ತೆ.

ಜಗಳ ಹುಟ್ಟಿದ್ದು ತೆರಿಗೆಯಿಂದ. 1791ರಲ್ಲಿ ಅಲ್ಲಿನ ಸರ್ಕಾರ ವಿಸ್ಕಿ ಮೇಲೆ ತೆರಿಗೆ ಹಾಕಿತು. ಧಾನ್ಯದ ಮೂಟೆ ಬೆಟ್ಟ ದಾಟಿಸೋದಕ್ಕಿಂತ ವಿಸ್ಕಿ ಮಾಡಿ ಸಾಗಿಸೋದು ಸುಲಭ ಅಂತ ಬದುಕುತ್ತಿದ್ದ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದರು. 1794ರಲ್ಲಿ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಸೈನ್ಯ ಹೊರಡಿಸಿದರು. ತಮಾಷೆ ಅಂದ್ರೆ ಇದೇ ವಾಷಿಂಗ್ಟನ್ ಅಧಿಕಾರ ಬಿಟ್ಟ ಮೇಲೆ ತಮ್ಮ ಎಸ್ಟೇಟಲ್ಲಿ ದೊಡ್ಡ ವಿಸ್ಕಿ ಭಟ್ಟಿ ನಡೆಸಿದರು!

ಆಮೇಲೆ 1920ರಿಂದ 1933ರವರೆಗೆ ದೇಶಕ್ಕೇ ಪಾನನಿಷೇಧ. ಆಗ ಕೆಲವರು ದನದ ಗೊರಸಿನ ಆಕಾರದ ಮರದ ತುಂಡನ್ನು ಬೂಟಿನ ಅಡಿಗೆ ಕಟ್ಟಿಕೊಂಡು ಭಟ್ಟಿಗೆ ಹೋಗುತ್ತಿದ್ದರಂತೆ, ಅಬಕಾರಿಯವರು ನೋಡಿದರೆ ಹಸು ಹೋದ ಜಾಡು. ಇನ್ನು ಪೊಲೀಸರಿಗೆ ಸಿಗದ ಹಾಗೆ ಸರಕು ಸಾಗಿಸಲು ಎಂಜಿನ್ ತಿದ್ದಿದ ಕಾರುಗಳು. ಆ ಡ್ರೈವರ್‌ಗಳಲ್ಲಿ ಕೆಲವರು 1948ರಲ್ಲಿ ಶುರುವಾದ ನಾಸ್ಕಾರ್ ಅನ್ನೋ ಕಾರ್ ರೇಸಿಗೂ ಬಂದರು. ಜೂನಿಯರ್ ಜಾನ್ಸನ್ ಅಂತೂ 1956ರಲ್ಲಿ ಅಪ್ಪನ ಭಟ್ಟಿ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋಗಿ ಬಂದು ದೊಡ್ಡ ಹೆಸರು ಮಾಡಿದ. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮೆ ಕೊಟ್ಟರು. ಬಿಲ್ಡಪ್ ಬಂದಿದ್ದು ಇಂಥ ಕಥೆಗಳಿಂದ.

ಲ್ಯಾಬ್_ಲಕ್ಷ್ಮಿ:
ಆ ನೀಲಿ ಉರಿ ಮಾತು ದಯವಿಟ್ಟು ನಂಬಬೇಡಿ. ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಕೂಡ ತಿಳಿ ನೀಲಿಯಾಗೇ ಉರಿಯುತ್ತೆ, ಬಿಸಿಲಲ್ಲಿ ಕಾಣೋದೇ ಕಷ್ಟ. ಕೆಂಪು ಉರಿ ಅನ್ನೋದು ಸೀಸಕ್ಕೆ ಹೇಳಿದ ಮಾತು, ಹಳೇ ಗಾಡಿ ರೇಡಿಯೇಟರ್‌ನಲ್ಲಿ ಆವಿ ತಣಿಸುತ್ತಿದ್ದರಲ್ಲ, ಅದರ ಬೆಸುಗೆಯಿಂದ ಸೀಸ ಇಳಿಯುತ್ತಿತ್ತು. ಬೆಲ್ಲದಿಂದಲೋ ಜೋಳದಿಂದಲೋ ಬರುವ ಮೆಥನಾಲ್ ತೀರ ಕಡಿಮೆ. ಕೊಲ್ಲೋದು ಸಾಮಾನ್ಯವಾಗಿ ಲಾಭಕ್ಕೆ ಬೆರೆಸುವ, ಮೆಥನಾಲ್ ಇರುವ ಕಾರ್ಖಾನೆ ಸ್ಪಿರಿಟ್. ದೇಹದೊಳಗೆ ಆ ಮೆಥನಾಲ್ ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರ ಸುಡುತ್ತೆ. ಅದೂ ತಕ್ಷಣ ಅಲ್ಲ, ಕುಡಿದು ಎಷ್ಟೋ ಗಂಟೆ ಆದಮೇಲೆ. ಅಷ್ಟರಲ್ಲಿ ಮನುಷ್ಯ ಮನೆಗೆ ಹೋಗಿ ಮಲಗಿರುತ್ತಾನೆ.

ಮಾಗಡಿರೋಡ್_ಅಂಕಲ್:
ಲಕ್ಷ್ಮಿ ಮೇಡಂ ಹೇಳಿದ್ದು ಕಣ್ಣಾರೆ ಕಂಡಿದ್ದೇನೆ. 1981ರಲ್ಲಿ ಬೆಂಗಳೂರಲ್ಲಿ ವಿಷ ಸಾರಾಯಿಗೆ 300ಕ್ಕೂ ಹೆಚ್ಚು ಜನ ಸತ್ತರು, ನಾನಾಗ ಹೈಸ್ಕೂಲು. ನಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಜೀವ ಉಳಿಸಿಕೊಂಡರು, ಕಣ್ಣು ಹೋಯಿತು. ಆಮೇಲೂ ಹೊಸ ಮನೆ ಕಂಡರೆ ಗೋಡೆ ಸವರಿ "ಗಿಲಾವು ಸರಿ ಕೂತಿಲ್ಲ" ಅನ್ನುತ್ತಿದ್ದರು. 2007ರ ಜುಲೈನಲ್ಲಿ ಪ್ಯಾಕೆಟ್ ಸಾರಾಯಿ ನಿಂತಿತು. ಕುಡಿಯುವವರು ನಿಲ್ಲಿಸಲಿಲ್ಲ, ಸಿಕ್ಕಿದ್ದು ಕುಡಿದರು. ಮರುವರ್ಷ ಮೇ ತಿಂಗಳಲ್ಲಿ ಇಲ್ಲಿ, ಕೋಲಾರದ ಕಡೆ, ಗಡಿಯಾಚೆ ತಮಿಳುನಾಡಲ್ಲಿ ಸೇರಿ 100ಕ್ಕೂ ಹೆಚ್ಚು ಜನ ಹೋದರು. ನಮ್ಮಲ್ಲಿ ಬಿಲ್ಡಪ್ ಎಲ್ಲಿಂದ ಬರಬೇಕು ಹೇಳಿ.

ನಗುವ ಕಥೆ ಇಲ್ಲ ಅಂತಲ್ಲ. ನಮ್ಮಜ್ಜನ ಊರಲ್ಲಿ ರೇಡ್ ಸುದ್ದಿ ಬಂದು ಯಾರೋ ಬೆಲ್ಲದ ಕೊಳೆಯನ್ನೆಲ್ಲ ಕೊಟ್ಟಿಗೆ ಹಿಂದೆ ಸುರಿದರಂತೆ. ಅಬಕಾರಿಯವರು ಬರುವಷ್ಟರಲ್ಲಿ ನಮ್ಮ ಎಮ್ಮೆ ಕುಡಿದು ದಾರಿಗಡ್ಡ ಮಲಗಿತ್ತು. ಬಾಲ ತಿರುಚಿದರೂ ಏಳಲಿಲ್ಲ, ಜೀಪು ಅಲ್ಲೇ ನಿಂತಿತು.

ಜಯನಗರದ_ಜಾಣ:
ಅಂಕಲ್, ಆವತ್ತು ಸಂಜೆ ಹಾಲು ಕರೆದರಾ?

ಮಾಗಡಿರೋಡ್_ಅಂಕಲ್:
ಅಜ್ಜಿ ಕರೆದರು. ಅಜ್ಜನಿಗೆ ಮಾತ್ರ ಕೊಡಲಿಲ್ಲ.