ಅಜ್ಜನನ್ನು ಕೂರಿಸಿ ಕಳಿಸಬೇಕು, ಏನೇನು ಸಿದ್ಧತೆ?

ಪ್ರಶ್ನೆ: ಅಜ್ಜನಿಗೆ 91. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ನಮ್ಮದು ಲಿಂಗಾಯತ ಪದ್ಧತಿ, ಕೂರಿಸಿ ಮಣ್ಣು ಮಾಡುವುದು. ರೋಣದ ಕಡೆ ಊರು, ಎರೆಹೊಲ. ಚಿಕ್ಕಪ್ಪ ದುಬೈನಿಂದ ಬರಲು ಒಂದು ದಿನ ಬೇಕು. ಮುಂದೆ ನಿಂತು ಮಾಡಿಸುವ ಹಿರಿಯರು ಮನೆಯಲ್ಲಿ ಈಗ ಯಾರೂ ಇಲ್ಲ. ತಿಳಿದವರು ಹೇಳಿ.

ಉತ್ತರ 1: ಜೀವ ಹೋದ ಮೇಲೆ ಮೊದಲ ಎರಡು ತಾಸು ಕೈಬಿಟ್ಟರೆ ಆಮೇಲೆ ಕಷ್ಟ. ಎರಡರಿಂದ ನಾಲ್ಕು ತಾಸಿನೊಳಗೆ ದೇಹ ಸೆಟೆಯತೊಡಗುತ್ತದೆ. ಮೊದಲು ರೆಪ್ಪೆ, ದವಡೆ, ಆಮೇಲೆ ಕೈಕಾಲು. ಡಾಕ್ಟರು ನೋಡಿ ಹೇಳಿದ ತಕ್ಷಣ ಕಣ್ಣು ಮುಚ್ಚಿ, ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ ಹಾಕಿಬಿಡಿ, ಗದ್ದದಿಂದ ನೆತ್ತಿಗೆ ಬಟ್ಟೆಪಟ್ಟಿ ಕಟ್ಟಿ. ಉಂಗುರ ಬರದಿದ್ದರೆ ಸಾಬೂನು ನೀರು ಹಚ್ಚಿ. ನಂತರ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಎದೆಗೂ ಹಣೆಗೂ ಅಗಲವಾದ ಬಟ್ಟೆ ಸುತ್ತಿ ಮೇಲಿನ ಮೊಳೆಗೆ ಬಿಗಿಯಿರಿ. ಸಣ್ಣ ಹಗ್ಗ ಬೇಡ, ಬರೆ ಮೂಡುತ್ತದೆ. ಹಣೆಯ ಪಟ್ಟಿ ಹೇಗೂ ರುಮಾಲಿನಡಿ ಮರೆಯಾಗುತ್ತದೆ.

ಕೂರಿಸಿದಾಗ ಹೊಟ್ಟೆ ಒತ್ತಿ ಬಾಯಿ, ಮೂಗಿನಿಂದ ದ್ರವ ಬರಬಹುದು. ಮೂಗಿಗೆ ಹತ್ತಿ, ದೊಡ್ಡವರ ಡೈಪರು, ಚಾಪೆಯಡಿ ಪ್ಲಾಸ್ಟಿಕ್ ಹಾಳೆ ಮೊದಲೇ ತಂದಿಡಿ. ಇಷ್ಟನ್ನು ಕದ ಹಾಕಿಕೊಂಡು ಮಾಡಿ, ಆಮೇಲೆ ಮೊಮ್ಮಕ್ಕಳನ್ನು ಒಳಗೆ ಬಿಡಿ.

ಉತ್ತರ 2: ಚಿಕ್ಕಪ್ಪನಿಗಾಗಿ ಕಾಯುವುದಾದರೆ ತೊಡಕು ಇಲ್ಲೇ. ಫ್ರೀಜರ್ ಪೆಟ್ಟಿಗೆಗಳು ಮಲಗಿಸುವಂಥವು, ಕೂತ ದೇಹ ಹಿಡಿಸುವುದಿಲ್ಲ. ಮಲಗಿಸಿಟ್ಟರೆ, ಹೊರಗೆ ಒಂದೂವರೆ ದಿನದಲ್ಲಿ ಸಡಿಲವಾಗುವ ಸೆಟೆತ ತಂಪಿನಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಪೆಟ್ಟಿಗೆಯ ಒಳ ಅಗಲ ಕೇಳಿ. ಸಾಲುವಂತಿದ್ದರೆ ಮೊಣಕಾಲಾದರೂ ಮಡಿಸಿಯೇ ಮಲಗಿಸಿ. ಹೊರತೆಗೆದ ಮೇಲೆ ಮೂರ್ನಾಲ್ಕು ತಾಸು ಬಿಟ್ಟು ಸೊಂಟದ ಕೀಲನ್ನು ನಿಧಾನವಾಗಿ ಬಗ್ಗಿಸಿ. ಜಗ್ಗಬೇಡಿ, ವಯಸ್ಸಾದವರ ಮೂಳೆ ಮುರಿಯುತ್ತದೆ. ಎಂಬಾಮಿಂಗ್ ಮಾಡಿಸಿದರಂತೂ ಮೈ ಗಟ್ಟಿಯಾಗಿ ಕೂರಿಸುವ ಮಾತೇ ಇಲ್ಲ. ಬೇಸಿಗೆಯಾದರೆ ಕಾಯದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಚಿಕ್ಕಪ್ಪನಿಗೆ ಈಗಲೇ ಬಂದು ಮಾತಾಡಿಸಿಕೊಂಡು ಹೋಗಲು ಹೇಳಿ.

ಉತ್ತರ 3: ಗುಣಿಯನ್ನು ತೀರಿಕೊಂಡವರ ಪಾದದಿಂದಲೇ ಅಳೆಯುವ ವಾಡಿಕೆ ಇದೆ: 9 ಪಾದ ಉದ್ದ, 5 ಪಾದ ಅಗಲ. ಹಾಗಾಗಿ ಕಾಲು ಮಡಿಸುವ ಮೊದಲೇ ಹಿಮ್ಮಡಿಯಿಂದ ಹೆಬ್ಬೆರಳ ತನಕ ಸುತಳಿ ಹಿಡಿದು, ಗಂಟು ಹಾಕಿ ಹೊಲಕ್ಕೆ ಕಳಿಸಿ. ಎಲ್ಲರೂ ಮರೆಯುವುದು ಇದನ್ನೇ. ಜೇಸಿಬಿಯಿಂದ ಗುಣಿ ತೆಗೆಸಿದರೂ ಅದರ ಪಕ್ಕದ ಗೋಡೆಯಲ್ಲಿ ದೇಹ ಕೂರಿಸುವ ಗೂಡನ್ನು ಸಲಿಕೆಯಲ್ಲೇ ಕೊರೆಯಬೇಕು. ಗೂಡಿನ ಮುಖ ಯಾವ ದಿಕ್ಕಿಗೆ ಎಂಬುದು ಕ್ರಿಯೆ ಮಾಡಿಸುವ ನಿಮ್ಮ ಅಯ್ಯನವರ ಮಾತು. ಎರೆಮಣ್ಣು ಹಸಿಯಿದ್ದರೆ ಗೂಡಿನ ಮೇಲ್ಭಾಗ ಕುಸಿಯುತ್ತದೆ. ಎರಡು ಹಲಗೆ ಆಸರೆ ಕೊಡಿ, ಅಂಚಿನಿಂದ ಜನರನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ನಿಲ್ಲಿಸಿ. ಒಳಗಿಳಿಯಲು ಇಬ್ಬರು, ಮೇಲಿನಿಂದ ಇಳಿಸಲು ನಾಲ್ವರು, ಮೊದಲೇ ಗೊತ್ತುಮಾಡಿ. ಗೂಡಿನಲ್ಲಿ ಕೂರಿಸಿ ವಿಭೂತಿ, ಪತ್ರೆ ತುಂಬುತ್ತಾರೆ, ಕೆಲವೆಡೆ ಉಪ್ಪೂ ಹಾಕುತ್ತಾರೆ. ರಾತ್ರಿ ಗ್ರಂಥಿಗೆ ಅಂಗಡಿ ತೆರೆದಿರುವುದಿಲ್ಲ, ವಿಭೂತಿ ಗಟ್ಟಿ ಈಗಲೇ ತಂದಿಡಿ.

ಉತ್ತರ 4: ಅಜ್ಜನನ್ನು ಕೂರಿಸಿ ಒಯ್ಯುವ ಮಂಟಪ, ಅಂದರೆ ವಿಮಾನವನ್ನು ಅಂಗಳದಲ್ಲೇ ಕಟ್ಟಿಸಿ, ಪಡಸಾಲೆಯಲ್ಲಿ ಕಟ್ಟಿದರೆ ಬಾಗಿಲು ದಾಟುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಒಯ್ಯುವುದಾದರೆ ದಾರಿಯ ಕರೆಂಟ್ ತಂತಿ ಎಷ್ಟು ಜೋತಿದೆ ನೋಡಿಕೊಂಡು ಬನ್ನಿ. ಹೆಣ್ಣುಮಕ್ಕಳು, ಮೊಮ್ಮಕ್ಕಳು ವಿಭೂತಿ ಹಚ್ಚಿ ಹೂ ಏರಿಸುವುದನ್ನು ಮನೆಯಲ್ಲೇ, ಭಜನೆ ನಡೆದಾಗಲೇ ಮುಗಿಸಿ. ಗುಣಿಯ ಬಳಿ ನೂಕಾಟದಲ್ಲಿ ಸಣ್ಣವರಿಗೆ ಅಜ್ಜನ ಮುಖ ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಇಷ್ಟಲಿಂಗ ಇಡುವ ಡಬ್ಬಿ, ಕರಡಿಗೆ, ಬೆಳ್ಳಿಯದು. ಅದನ್ನೂ ಒಳಗೆ ಇಡಬೇಕಾ?

ಉತ್ತರ 3: ಇಷ್ಟಲಿಂಗ ಎಡ ಅಂಗೈಯಲ್ಲಿ, ಅವರ ಜೊತೆಗೇ ಹೋಗುತ್ತದೆ. ಕರಡಿಗೆ ಇಡುವುದೋ ತೆಗೆಯುವುದೋ ಅಣ್ಣತಮ್ಮಂದಿರು ಇವತ್ತೇ ಕೂತು ತೀರ್ಮಾನಿಸಲಿ. ಗುಣಿಯ ಅಂಚಿನಲ್ಲಿ ಆ ಮಾತು ತೆಗೆದರೆ ಜಗಳ ಗ್ಯಾರಂಟಿ.

ಉತ್ತರ 5: ಕಾಗದದ ಕೆಲಸ. ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ, ನಮೂನೆ 4ಎ, ಬರೆಸಿಕೊಳ್ಳಿ. 21 ದಿನದೊಳಗೆ ನೋಂದಣಿ ಮಾಡಿಸಿ. ತಡವಾದರೆ ದಂಡಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ಹೆಸರನ್ನು ಪಹಣಿಯಲ್ಲಿ ಇರುವಂತೆಯೇ ಬರೆಸಿ. ಆಧಾರ್‌ನಲ್ಲಿ ‘ಬಸಪ್ಪ’, ಪಹಣಿಯಲ್ಲಿ ‘ಬಸವಣ್ಣೆಪ್ಪ’ ಎಂದಿದ್ದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಹೊತ್ತಿಗೆ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ. ಅಜ್ಜ ಇರುವಾಗಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಬಿಡಿ.